ಅಡಿಕೆಯ ಪರವಾಗಿ ಇನ್ನೊಂದು ಠರಾವಿಗೆ ಮುನ್ನ: ಬೆಳೆಗಾರರಿಗೆ ಬಹಿರಂಗ ಪತ್ರ

ಮಲೆನಾಡು, ಕರಾವಳಿ, ಬಯಲುಸೀಮೆಯ ಅಡಿಕೆ ಬೆಳೆಗಾರರೇ, ನಿಮ್ಮ ಸೊಸೈಟಿಗಳನ್ನು ನಡೆಸುತ್ತಿರುವ ಅಧ್ಯಕ್ಷರೇ, ನಿರ್ದೇಶಕರೇ,

ಅಡಿಕೆ ಕ್ಯಾನ್ಸರ್‌ಕಾರಕ ಎಂಬ ಸುದ್ದಿ ಪತ್ರಿಕೆಯಲ್ಲಿ ಬಂದಾಗಲೆಲ್ಲ ನಮ್ಮಲ್ಲಿ ನಡೆಯುವುದು ಒಂದೇ. ಸಭೆ ಸೇರುತ್ತದೆ, ಖಂಡನೆಯ ಠರಾವು ಪಾಸಾಗುತ್ತದೆ, ನಿಯೋಗವೊಂದು ದೆಹಲಿಗೆ ಹೋಗಿ ಅಡಿಕೆಯ ಮೇಲಿನ ಆರೋಪವನ್ನು ತೆಗೆಸಿಕೊಡಿ ಎಂದು ಮನವಿ ಕೊಟ್ಟು ಬರುತ್ತದೆ. ಈ ಓಡಾಟದ ಹಿಂದಿರುವ ಆತಂಕ ನಿಜವಾದದ್ದು. ಕೊಳೆರೋಗ, ಹಳದಿ ಎಲೆ ರೋಗ, ಎಲೆಚುಕ್ಕಿ ರೋಗ, ಕೊನೆ ಕೊಯ್ಯಲು ಆಳು ಸಿಗದ ಸಂಕಟ, ಇವೆಲ್ಲದರ ನಡುವೆಯೂ ಕೈಹಿಡಿದಿರುವುದು ಅಡಿಕೆಯ ಧಾರಣೆ ಒಂದೇ. ಅದೂ ಕುಸಿದರೆ ಸಾಲ ಕಟ್ಟುವುದು ಹೇಗೆ, ಮಕ್ಕಳನ್ನು ಓದಿಸುವುದು ಹೇಗೆ ಎಂದು ಕೇಳುವವರನ್ನು ದೂರಲು ನನಗೆ ಮನಸ್ಸಿಲ್ಲ. ಆದರೂ ಅಡಿಕೆ ನಿರಪಾಯಕಾರಿ ಎಂದು ಸಾಧಿಸುವ ಹೋರಾಟವನ್ನು ನೀವು ಕೈಬಿಡಬೇಕು ಎಂದು ಕೇಳಿಕೊಳ್ಳಲು ಈ ಪತ್ರ ಬರೆಯುತ್ತಿದ್ದೇನೆ. ತೋಟ ಕಡಿಯಿರಿ ಎಂದು ನಾನು ಹೇಳುತ್ತಿಲ್ಲ. ಜಗಿಯುವವರ ಬಾಯಿಯನ್ನೂ ಬೆಳೆಯುವವರ ಬದುಕನ್ನೂ ಒಟ್ಟಿಗೆ ಉಳಿಸುವ ಇನ್ನೊಂದು ಹೋರಾಟವಿದೆ, ಅದನ್ನು ನಿಮ್ಮಷ್ಟು ಬಲವಾಗಿ ಬೇರೆ ಯಾರೂ ನಡೆಸಲಾರರು, ಈಗಿನ ಹೋರಾಟ ಅದಕ್ಕೆ ಅಡ್ಡ ಬರುತ್ತಿದೆ ಎಂಬುದೇ ನನ್ನ ವಾದ.

ಕಾಯಿಲೆ ಎಷ್ಟು ದೊಡ್ಡದು ಎಂಬುದನ್ನು ಮೊದಲು ನೋಡೋಣ. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಫ್ರಾನ್ಸಿನ ಲಿಯಾನ್ ನಗರದಲ್ಲಿದೆ. ಅಲ್ಲಿನ ಸಂಶೋಧಕರು 2024ರಲ್ಲಿ ಪ್ರಕಟಿಸಿದ ಅಂದಾಜಿನ ಪ್ರಕಾರ, 2022ರಲ್ಲಿ ಜಗತ್ತಿನಾದ್ಯಂತ ಹೊಸದಾಗಿ ಬಾಯಿ ಕ್ಯಾನ್ಸರ್ ಪತ್ತೆಯಾದವರು ಸುಮಾರು 3,89,800 ಮಂದಿ. ಅವರಲ್ಲಿ ಸುಮಾರು 1,20,200 ಮಂದಿಗೆ, ಎಂದರೆ ಮೂವರಲ್ಲಿ ಒಬ್ಬರಿಗೆ, ರೋಗ ಬಂದದ್ದು ಹೊಗೆಯಿಲ್ಲದ ತಂಬಾಕು ಅಥವಾ ಅಡಿಕೆಯಿಂದ. ಈ ಪೈಕಿ ಭಾರತದ ಪಾಲು 83,400. ಈ ಲೆಕ್ಕದಲ್ಲಿ ತಂಬಾಕೂ ಸೇರಿದೆಯಲ್ಲ ಎಂದು ನೀವು ಕೂಡಲೇ ಹೇಳುತ್ತೀರಿ, ಅದು ಸರಿಯಾದ ಮಾತು. ಆದರೆ ಅದೇ ಅಧ್ಯಯನ ಒಂದೊಂದು ಪದಾರ್ಥವನ್ನೂ ಬಿಡಿಸಿ ನೋಡಿದಾಗ, ಹೀಗೆ ರೋಗಕ್ಕೆ ತುತ್ತಾದ ಹೆಂಗಸರಲ್ಲಿ ಅತಿ ದೊಡ್ಡ ಪಾಲು, ಸುಮಾರು ಶೇ. 30, ಅಡಿಕೆಯ ಲೆಕ್ಕಕ್ಕೇ ಬಂತು. ಇದು ತಪ್ಪಿಸಬಹುದಾದ ಕ್ಯಾನ್ಸರ್. ಅನೇಕ ಕ್ಯಾನ್ಸರ್‌ಗಳ ಕಾರಣ ಇಂದಿಗೂ ಗೊತ್ತಿಲ್ಲ, ಗೊತ್ತಿದ್ದರೂ ನಮ್ಮ ಕೈಯಲ್ಲಿಲ್ಲ. ಬಾಯಿ ಕ್ಯಾನ್ಸರಿನ ಬಹುಪಾಲಿಗೆ ಕಾರಣ ಗೊತ್ತು, ಅದನ್ನು ಬಿಡುವುದೂ ಸಾಧ್ಯ.

ಅಡಿಕೆಯ ಮೇಲಿನ ತೀರ್ಮಾನ ಆತುರದ್ದು, ಯಾರದೋ ಹಿತಾಸಕ್ತಿಗಾಗಿ ಹೊರಬಿದ್ದದ್ದು ಎಂಬ ಮಾತು ನಿಮ್ಮ ಸಭೆಗಳಲ್ಲಿ ಆಗಾಗ ಕೇಳಿಬರುತ್ತದೆ. ನಡೆದದ್ದು ಇದಕ್ಕೆ ತೀರಾ ವಿರುದ್ಧ. ಅದೇ ಲಿಯಾನ್ ಸಂಸ್ಥೆ 1985ರಲ್ಲಿ ಮೊದಲ ಬಾರಿ ಈ ಪ್ರಶ್ನೆಯನ್ನು ಎತ್ತಿಕೊಂಡಾಗ, ಹೊಗೆಸೊಪ್ಪು ಸೇರಿಸಿದ ಕವಳ ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆ ಎಂದಷ್ಟೇ ಹೇಳಿತು. ಹೊಗೆಸೊಪ್ಪಿಲ್ಲದ ಕವಳದ ಬಗ್ಗೆ ಪುರಾವೆ ಸಾಲದು ಎಂದು ಸುಮ್ಮನಾಯಿತು. ಅಂದರೆ ಇಂದು ನೀವು ಹೇಳುತ್ತಿರುವ ‘ತಪ್ಪು ತಂಬಾಕಿನದು, ಅಡಿಕೆಯದಲ್ಲ’ ಎಂಬ ವಾದಕ್ಕೆ ಆಗ ವಿಜ್ಞಾನಿಗಳೇ ಜಾಗ ಬಿಟ್ಟಿದ್ದರು. ಆಮೇಲೆ 18 ವರ್ಷ ಪುರಾವೆ ಕೂಡಿಬಂತು. 2003ರಲ್ಲಿ ಮತ್ತೆ ಸೇರಿದ ತಜ್ಞರು ಹೊಗೆಸೊಪ್ಪಿಲ್ಲದ ಕವಳವನ್ನೂ, ಬರಿಯ ಅಡಿಕೆಯನ್ನೂ ಮನುಷ್ಯರಲ್ಲಿ ಕ್ಯಾನ್ಸರ್ ತರುವುದು ಖಚಿತವಾದ ಒಂದನೇ ಗುಂಪಿಗೆ ಸೇರಿಸಿದರು. ಮುಂದೆ ಇನ್ನೊಮ್ಮೆ ಪರಿಶೀಲಿಸಿ ಅದನ್ನೇ ಎತ್ತಿಹಿಡಿದರು. ಪುರಾವೆ ಸಾಲದಿದ್ದಾಗ ಸಾಲದು ಎಂದವರು, ಸಾಕಾದಾಗ ಸಾಕು ಎಂದಿದ್ದಾರೆ. ಮೊದಲನೆಯದನ್ನು ನಂಬುವವರು ಎರಡನೆಯದನ್ನು ಪಿತೂರಿ ಎನ್ನುವುದು ನ್ಯಾಯವಲ್ಲ.

ಆ 18 ವರ್ಷಗಳಲ್ಲಿ ಬದಲಾದದ್ದೇನು ಎಂಬುದೇ ಈ ವಿಷಯದ ಜೀವಾಳ. ನಮ್ಮ ದೇಶದಲ್ಲಿ ಅಡಿಕೆ ಜಗಿಯುವವರಲ್ಲಿ ಬಹಳ ಮಂದಿ ಹೊಗೆಸೊಪ್ಪನ್ನೂ ಸೇರಿಸಿಕೊಳ್ಳುವುದರಿಂದ ಎರಡನ್ನೂ ಬೇರ್ಪಡಿಸಿ ನೋಡುವುದು ಕಷ್ಟ. ತೈವಾನಿನಲ್ಲಿ ಆ ಕಷ್ಟವಿಲ್ಲ. ಅಲ್ಲಿನವರು ಎಳೆಯ ಹಸಿ ಅಡಿಕೆಯನ್ನು ಸುಣ್ಣದ ಜೊತೆ ಜಗಿಯುತ್ತಾರೆ, ಕವಳಕ್ಕೆ ತಂಬಾಕು ಹಾಕುವ ಪದ್ಧತಿಯೇ ಇಲ್ಲ. ಹಾಗಿದ್ದೂ ಅಲ್ಲಿ ಬಾಯಿ ಕ್ಯಾನ್ಸರ್ ದೊಡ್ಡ ಪಿಡುಗಾಯಿತು. ಚೀನಾದ ಹುನಾನ್ ಪ್ರಾಂತ್ಯದವರು ಒಣಗಿಸಿ ಸಂಸ್ಕರಿಸಿದ ಅಡಿಕೆಯ ಸಿಪ್ಪೆಯನ್ನೇ ಜಗಿಯುತ್ತಾರೆ, ಅದರಲ್ಲೂ ತಂಬಾಕಿಲ್ಲ. ಅಲ್ಲಿಯೂ ಬಾಯಿ ಬಿಗಿಯುವ ರೋಗ ಮತ್ತು ಕ್ಯಾನ್ಸರ್ ಹೆಚ್ಚಿ, 2021ರಲ್ಲಿ ಚೀನಾ ಸರ್ಕಾರ ಟಿವಿ ಮತ್ತು ಅಂತರ್ಜಾಲದಲ್ಲಿ ಅಡಿಕೆಯ ಜಾಹೀರಾತುಗಳನ್ನು ನಿಲ್ಲಿಸಿತು. ಪಪುವಾ ನ್ಯೂಗಿನಿಯ ಜನ ಅಡಿಕೆಯನ್ನು ಸುಣ್ಣ ಮತ್ತು ಒಂದು ಬಗೆಯ ಬಳ್ಳಿಯ ಕಾಯಿಯ ಜೊತೆ ಜಗಿಯುತ್ತಾರೆ. ಬಾಯಿ ಕ್ಯಾನ್ಸರಿನ ಪ್ರಮಾಣ ಜಗತ್ತಿನಲ್ಲೇ ಅತಿ ಹೆಚ್ಚಾಗಿರುವ ದೇಶಗಳಲ್ಲಿ ಅದೂ ಒಂದು. ಕಳಪೆ ಆಮದು ಅಡಿಕೆಯಿಂದ, ಬೂಸ್ಟು ಹಿಡಿದ ಮಾಲಿನಿಂದ, ಬಣ್ಣ ಬೆರೆಸಿದ್ದರಿಂದ ರೋಗ ಬರುತ್ತದೆಯೇ ಹೊರತು ನಮ್ಮ ಶುದ್ಧ ಚಾಲಿಯಿಂದ, ಸರಕಿನಿಂದ, ರಾಶಿಯಿಂದ ಅಲ್ಲ ಎಂಬ ವಾದಕ್ಕೂ ಉತ್ತರ ಇಲ್ಲಿಯೇ ಇದೆ. ಒಂದು ಕಡೆ ಹಸಿ, ಇನ್ನೊಂದು ಕಡೆ ಒಣಗಿದ್ದು. ಒಂದು ಕಡೆ ಕಾಯಿ, ಇನ್ನೊಂದು ಕಡೆ ಸಿಪ್ಪೆ. ಎಲೆ ಬೇರೆ, ಮಸಾಲೆ ಬೇರೆ, ಜನರ ಊಟ ಬೇರೆ, ಮೈಕಟ್ಟು ಬೇರೆ. ಇಷ್ಟೆಲ್ಲ ಬದಲಾದರೂ ಎಲ್ಲ ಕಡೆ ಬದಲಾಗದೆ ಉಳಿದ ವಸ್ತು ಅಡಿಕೆ, ಬದಲಾಗದೆ ಉಳಿದ ರೋಗವೂ ಅದೇ.

ಒಂದನೇ ಗುಂಪಿನಲ್ಲಿ ಸೂರ್ಯನ ಬಿಸಿಲೂ ಇದೆ, ಸಂಸ್ಕರಿಸಿದ ಮಾಂಸವೂ ಇದೆ, ಹಾಗಾದರೆ ಬಿಸಿಲಿಗೂ ಹೋಗಬಾರದೇ ಎಂದು ಕೇಳುವವರಿದ್ದಾರೆ. ಇದನ್ನು ಹಗುರವಾಗಿ ತಳ್ಳಿಹಾಕಬಾರದು. ಆ ಪಟ್ಟಿ ಹೇಳುವುದು ಪುರಾವೆ ಎಷ್ಟು ಗಟ್ಟಿ ಎಂಬುದನ್ನು. ಅಪಾಯ ಎಷ್ಟು ದೊಡ್ಡದು ಎಂಬುದನ್ನಲ್ಲ. ಅಪಾಯದ ಗಾತ್ರಕ್ಕೆ ಬೇರೆ ಲೆಕ್ಕ ನೋಡಬೇಕು. ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ 2014ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದರಲ್ಲಿ ಆ ಲೆಕ್ಕ ಸಿಗುತ್ತದೆ. ಭಾರತ ಉಪಖಂಡದಲ್ಲಿ ಹೊಗೆಸೊಪ್ಪು ಸೇರಿಸಿ ಕವಳ ಹಾಕುವವರಿಗೆ ಬಾಯಿ ಕ್ಯಾನ್ಸರಿನ ಸಂಭವ, ಹಾಕದವರಿಗಿಂತ ಏಳೂವರೆ ಪಟ್ಟಿಗೂ ಹೆಚ್ಚು. ಹೊಗೆಸೊಪ್ಪಿಲ್ಲದೆ ಹಾಕುವವರಿಗೆ ಸುಮಾರು ಎರಡೂವರೆ ಪಟ್ಟು. ತೈವಾನಿನಲ್ಲಿ, ತಂಬಾಕಿಲ್ಲದ ಕವಳಕ್ಕೇ ಸುಮಾರು ಹನ್ನೊಂದು ಪಟ್ಟು. ಈ ಅಂಕಿಗಳಲ್ಲಿ ನಿಮ್ಮ ವಾದದ ಒಂದು ಭಾಗ ಗೆಲ್ಲುತ್ತದೆ: ತಂಬಾಕು ಅಪಾಯವನ್ನು ಬಹಳ ಹೆಚ್ಚಿಸುತ್ತದೆ, ಕವಳದಿಂದ ಹೊಗೆಸೊಪ್ಪನ್ನು ತೆಗೆದವರು ದೊಡ್ಡ ಗಂಡಾಂತರದಿಂದ ದೂರ ಸರಿಯುತ್ತಾರೆ. ಆದರೆ ಎರಡೂವರೆ ಪಟ್ಟು ಎಂಬುದು ಸೊನ್ನೆಯಲ್ಲ. ಜಗತ್ತಿನಲ್ಲಿ ಅಡಿಕೆ ಜಗಿಯುವವರು ಅಂದಾಜು 60 ಕೋಟಿ ಎನ್ನುತ್ತಾರೆ. ಅಷ್ಟು ಜನರ ನಡುವೆ ಸಂಭವ ಎರಡೂವರೆ ಪಟ್ಟಾದರೆ ಅದು ಆಸ್ಪತ್ರೆಗಳನ್ನು ತುಂಬಿಸುವಷ್ಟು ದೊಡ್ಡದು.

ಬಾಯೊಳಗೆ ನಡೆಯುವುದೇನು ಎಂಬುದೂ ಈಗ ಬಹಳಮಟ್ಟಿಗೆ ಗೊತ್ತು. ಅಡಿಕೆಯಲ್ಲಿ ಅರೆಕೊಲಿನ್ ಎಂಬ ಕ್ಷಾರಾಂಶವಿದೆ. ಜಗಿದಾಗ ಮೈ ಬೆಚ್ಚಗಾಗಿ, ಮನಸ್ಸಿಗೆ ಚುರುಕು ಬಂದು, ಮತ್ತೆ ಮತ್ತೆ ಬೇಕೆನಿಸುವುದು ಇದರಿಂದಲೇ. ಇದೇ ಅರೆಕೊಲಿನ್ ಕೆನ್ನೆಯ ಒಳಪದರದ ಕೆಳಗಿನ ಜೀವಕೋಶಗಳನ್ನು ಕೆರಳಿಸಿ, ನಾರಿನಂತಹ ಕೊಲಾಜೆನ್ ಅತಿಯಾಗಿ ತಯಾರಾಗುವಂತೆ ಮಾಡುತ್ತದೆ. ಅಡಿಕೆಯ ಚೊಗರು ಮತ್ತು ಅದರಲ್ಲಿರುವ ತಾಮ್ರದ ಅಂಶ ಆ ನಾರನ್ನು ಕರಗದಂತೆ ಗಟ್ಟಿಮಾಡುತ್ತವೆ. ಮೊದಲು ಖಾರ ತಾಗಿದರೆ ಉರಿ, ಆಮೇಲೆ ಕೆನ್ನೆ ಬಿಳಿಚಿ ಬಿಗಿಯುವುದು, ಕೊನೆಗೆ ಬಾಯಿ ತೆರೆಯಲಾಗದೆ ತುತ್ತು ಇಡುವುದೇ ಕಷ್ಟವಾಗುವುದು. ಸಬ್‌ಮ್ಯೂಕಸ್ ಫೈಬ್ರೋಸಿಸ್ ಎಂಬ ಈ ರೋಗವನ್ನು 1952ರಲ್ಲಿ ಶ್ವಾರ್ಟ್ಸ್ ಎಂಬ ವೈದ್ಯರು ಪೂರ್ವ ಆಫ್ರಿಕಾದಲ್ಲಿ ನೆಲೆಸಿದ್ದ ಐವರು ಭಾರತೀಯ ಹೆಂಗಸರಲ್ಲಿ ಗುರುತಿಸಿ ವರ್ಣಿಸಿದರು. ಈ ರೋಗಕ್ಕೆ ಮುಖ್ಯ ಕಾರಣ ಅಡಿಕೆಯೇ. ತಂಬಾಕು ಮಾತ್ರ ಬಳಸುವವರಲ್ಲಿ ಇದು ಬರುವುದಿಲ್ಲ ಎನ್ನಬಹುದು. ಬಿಗಿದ ಬಾಯಿ ಮತ್ತೆ ಮೊದಲಿನಂತಾಗುವುದು ಅಪರೂಪ. ನಮ್ಮ ದೇಶದ ಇಂತಹ ರೋಗಿಗಳನ್ನು 17 ವರ್ಷ ಹಿಂಬಾಲಿಸಿದ ಒಂದು ಅಧ್ಯಯನದಲ್ಲಿ ಶೇ. 7.6ರಷ್ಟು ಮಂದಿಗೆ ಕ್ಯಾನ್ಸರ್ ಕಾಣಿಸಿಕೊಂಡಿತು. ಒಂದು ಕಾಲಕ್ಕೆ ನಡುವಯಸ್ಸಿನವರ ಕಾಯಿಲೆಯಾಗಿದ್ದ ಇದು, ಪಾನ್ ಮಸಾಲೆಯ ಸಣ್ಣ ಪೊಟ್ಟಣಗಳು ಗೂಡಂಗಡಿಗಳಲ್ಲಿ ತೂಗಾಡತೊಡಗಿದ ಮೇಲೆ ಹದಿಹರೆಯದವರ ಬಾಯಿಗೂ ಇಳಿದಿದೆ.

ನಮ್ಮ ಅಜ್ಜ ದಿನಕ್ಕೆ ಹತ್ತು ಕವಳ ಹಾಕಿ ತೊಂಬತ್ತು ವರ್ಷ ಬಾಳಿದರು ಎಂಬ ಮಾತು ಮಲೆನಾಡಿನ ಮನೆಮನೆಯಲ್ಲೂ ಇದೆ. ಸುಳ್ಳಲ್ಲ, ಅಂತಹ ಅಜ್ಜಂದಿರು ನಿಜವಾಗಿಯೂ ಇದ್ದರು. ಅಪಾಯ ಹೆಚ್ಚುತ್ತದೆ ಎಂದರೆ ಎಲ್ಲರಿಗೂ ರೋಗ ಬರುತ್ತದೆ ಎಂದಲ್ಲ. ಬಂದವರ ಸಂಖ್ಯೆ, ಬರಬೇಕಾಗಿದ್ದಕ್ಕಿಂತ ಹೆಚ್ಚಾಗುತ್ತದೆ ಎಂದರ್ಥ. ಬದುಕುಳಿದವರು ಜಗಲಿಯ ಮೇಲೆ ಕೂತು ಕಾಣಿಸುತ್ತಾರೆ, ಐವತ್ತಕ್ಕೇ ಹೋದವರು ಆ ಲೆಕ್ಕದಲ್ಲಿ ಸೇರುವುದಿಲ್ಲ. ಇನ್ನೊಂದು ಸಂಗತಿಯೂ ಇದೆ. ಎಷ್ಟು ಸಲ, ಎಷ್ಟು ವರ್ಷ ಜಗಿದರು ಎಂಬುದರ ಮೇಲೆ ಅಪಾಯ ಏರುತ್ತದೆ ಎಂಬುದು ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಂಡಿದೆ. ಊಟವಾದ ಮೇಲೆ ಹಸಿರೆಲೆಯ ಜೊತೆ ಒಂದು ಹೋಳು ಜಗಿದು ಉಗಿಯುವುದಕ್ಕೂ, ಬೆಳಗಿನಿಂದ ರಾತ್ರಿಯವರೆಗೆ ಕೆನ್ನೆಯ ಸಂದಿಯಲ್ಲಿ ಪುಡಿ ಅಡಿಕೆ ಇಟ್ಟುಕೊಂಡು ಲಾರಿ ಓಡಿಸುವುದಕ್ಕೂ ವ್ಯತ್ಯಾಸವಿದೆ. ಆದರೆ ಇಂದು ನಿಮ್ಮ ಕೆಂಪಡಿಕೆಯ ಬಹುಪಾಲು ಹೋಗುವುದು ಅಜ್ಜನ ಹರಿವಾಣಕ್ಕಲ್ಲ, ಉತ್ತರ ಭಾರತದ ಪಾನ್ ಮಸಾಲೆ ಕಾರ್ಖಾನೆಗಳಿಗೆ. ಅಜ್ಜನ ಆಯುಷ್ಯವನ್ನು ಆ ಪೊಟ್ಟಣಕ್ಕೆ ಸಾಕ್ಷಿಯಾಗಿ ನಿಲ್ಲಿಸುವುದು ತರವಲ್ಲ. ಪೂಜೆಯ ತಟ್ಟೆ, ಮದುವೆಯ ವೀಳ್ಯ, ಬಾಗಿನ, ದೈವಕ್ಕೆ ಇಡುವ ಎಲೆಅಡಿಕೆ, ಇವುಗಳ ಬಗ್ಗೆ ಯಾವ ವೈದ್ಯರಿಗೂ ತಕರಾರಿಲ್ಲ. ರೋಗ ಬರುವುದು ಜಗಿಯುವುದರಿಂದ. ಆಯುರ್ವೇದದಲ್ಲಿ ಅಡಿಕೆಯನ್ನು ಮದ್ದಾಗಿ ಹೇಳಿರುವುದೂ ಸರಿ, ಆದರೆ ಅಳತೆಯಿಟ್ಟು ಕೆಲವು ದಿನ ಕೊಡುವ ಮದ್ದು ನಲವತ್ತು ವರ್ಷದ ಚಟಕ್ಕೆ ಪರವಾನಗಿಯಾಗುವುದಿಲ್ಲ.

ಇನ್ನು ನಿಮ್ಮ ಅತಿ ಗಟ್ಟಿಯಾದ ಆಕ್ಷೇಪಕ್ಕೆ ಬರುತ್ತೇನೆ: ಇದೆಲ್ಲ ಒಪ್ಪಿಕೊಂಡರೆ ನಮ್ಮ ಗತಿಯೇನು? ಚೊಗರಿನಿಂದ ಬಣ್ಣ ತೆಗೆಯಬಹುದು, ಚರ್ಮ ಹದಮಾಡಬಹುದು ಎಂಬ ಉಪಾಯಗಳನ್ನು ನಾನು ನಿಮ್ಮ ಮುಂದಿಡಲಾರೆ. ಅವು ಒಳ್ಳೆಯವೇ, ಆದರೆ ಲಕ್ಷಾಂತರ ಟನ್ ಫಸಲನ್ನು ಇಂದಿನ ಧಾರಣೆಗೆ ಕೊಳ್ಳುವ ಶಕ್ತಿ ಅವಕ್ಕಿಲ್ಲ. ನಿಮ್ಮ ಧಾರಣೆ ನಿಂತಿರುವುದು ಜಗಿಯುವವರ ಮೇಲೆ, ಈ ಸತ್ಯದಿಂದಲೇ ಮಾತು ಶುರುವಾಗಬೇಕು. ಹಾಗೆ ನಿಂತ ಧಾರಣೆ ಎಷ್ಟು ಭದ್ರ? 2012ರಲ್ಲಿ ಮಧ್ಯಪ್ರದೇಶದಿಂದ ಶುರುವಾದ ಗುಟ್ಕಾ ನಿಷೇಧ ಮರುವರ್ಷ ಕರ್ನಾಟಕಕ್ಕೂ ಬಂತು. ಸುಪಾರಿ ಪೊಟ್ಟಣದ ಮೇಲೆ ಜಗಿಯುವುದು ಆರೋಗ್ಯಕ್ಕೆ ಹಾನಿಕರ ಎಂದು ಬರೆಯಬೇಕೆಂಬ ನಿಯಮ 2011ರಿಂದಲೇ ಇದೆ. ತೈವಾನಿನಲ್ಲಿ ಜಗಿಯುವ ಗಂಡಸರ ಪ್ರಮಾಣ ಹತ್ತು ವರ್ಷಗಳ ಆಸುಪಾಸಿನಲ್ಲಿ ಶೇ. 17ರಿಂದ ಸುಮಾರು 6ಕ್ಕೆ ಇಳಿಯಿತು. ಅಲ್ಲಿನ ಸರ್ಕಾರ ಅಡಿಕೆ ಮರ ತೆಗೆದು ಬೇರೆ ಬೆಳೆಗೆ ಹೋಗುವ ರೈತನಿಗೆ ಹೆಕ್ಟೇರು ಲೆಕ್ಕದಲ್ಲಿ ಹಣ ಕೊಟ್ಟಿತು. ಮೊದಲು ಜನರ ಆರೋಗ್ಯ, ಜೊತೆಗೇ ರೈತನಿಗೆ ಪರಿಹಾರ ಎಂಬ ಕ್ರಮ ಅಲ್ಲಿ ಸಾಧ್ಯವಾದದ್ದು, ಹಾನಿಯನ್ನು ಎಲ್ಲರೂ ಒಪ್ಪಿಕೊಂಡ ಮೇಲೆ. ಅಡಿಕೆಯಿಂದ ಏನೂ ಅಪಾಯವಿಲ್ಲ ಎಂದು ಮನವಿ ಕೊಡುವವರು, ಅದೇ ಮನವಿಯಲ್ಲಿ ಬೆಳೆ ಬದಲಾವಣೆಗೆ ಹಣ ಕೊಡಿ ಎಂದು ಕೇಳಲಾರರು. ನಿಮ್ಮ ಈಗಿನ ವಾದ ನಿಮಗೇ ನಷ್ಟ ತರುವುದು ಇಲ್ಲಿ.

ಬದಲಾವಣೆ ನಿಮಗೆ ಹೊಸತೂ ಅಲ್ಲ. 1970ರ ದಶಕದಲ್ಲಿ ಧಾರಣೆ ನೆಲಕಚ್ಚಿದ್ದಾಗ ವಾರಣಾಶಿ ಸುಬ್ರಾಯ ಭಟ್ಟರು ಬೆಳೆಗಾರರನ್ನು ಒಗ್ಗೂಡಿಸಿ 1973ರಲ್ಲಿ ಮಂಗಳೂರಿನಲ್ಲಿ ಕ್ಯಾಂಪ್ಕೊ ಕಟ್ಟಿದರು. ಮುಂದೆ ತೋಟದ ನಡುವಿನ ಕೋಕೋಗೆ ಕೊಳ್ಳುವವರಿಲ್ಲದಂತಾದಾಗ ಅದೇ ಸಂಸ್ಥೆ 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯನ್ನೇ ತೆರೆಯಿತು. ಮಾರುಕಟ್ಟೆ ಇಲ್ಲದ ಕಡೆ ಮಾರುಕಟ್ಟೆ ಕಟ್ಟಿದ ಜನ ನೀವು. ಕಾಳುಮೆಣಸು, ಏಲಕ್ಕಿ, ಜಾಯಿಕಾಯಿ, ಕೋಕೋ, ಬಾಳೆ ನಿಮ್ಮ ಮರಗಳ ನೆರಳಲ್ಲೇ ಇವೆ. ಅವುಗಳಿಗೆ ಅಡಿಕೆಗೆ ಸಿಗುವಷ್ಟೇ ಗಟ್ಟಿಯಾದ ಖರೀದಿ ವ್ಯವಸ್ಥೆ ಮತ್ತು ಬೆಂಬಲ ಬೆಲೆ ಬೇಕೆಂದು ನೀವು ಬೀದಿಗಿಳಿದರೆ ಯಾವ ಸರ್ಕಾರವೂ ಕೇಳದಿರಲಾರದು. 2023ರಲ್ಲಿ ಅಡಿಕೆಯ ಕನಿಷ್ಠ ಆಮದು ಬೆಲೆಯನ್ನು ಕೆಜಿಗೆ 251 ರೂಪಾಯಿಯಿಂದ 351ಕ್ಕೆ ಏರಿಸಿದ್ದರ ಹಿಂದೆಯೂ ನಿಮ್ಮ ಒತ್ತಡ ಇತ್ತಲ್ಲವೇ? ಸಂಪಾಜೆ, ಅರಂತೋಡು, ಶೃಂಗೇರಿ, ಕೊಪ್ಪದ ಕಡೆ ಹಳದಿ ಎಲೆ ರೋಗದಿಂದ ತೋಟ ಕಳೆದುಕೊಂಡವರಿಗೆ ಮರಳಿ ಅಡಿಕೆಯನ್ನೇ ನೆಡಲು ಸಾಲ ಕೊಡುವ ಬದಲು, ಬೇರೆ ಬೆಳೆ ಫಲ ಕೊಡುವ ತನಕದ ವರ್ಷಗಳಿಗೆ ಆದಾಯ ಕೊಡಬೇಕು; ಈ ಕೆಲಸ ಅಲ್ಲಿಂದಲೇ ಶುರುವಾಗಲಿ. ಇನ್ನು ಚನ್ನಗಿರಿಯಿಂದ ಚಿತ್ರದುರ್ಗದವರೆಗೆ ಭತ್ತದ ಗದ್ದೆ, ಜೋಳದ ಹೊಲಗಳಲ್ಲಿ ಕೊಳವೆಬಾವಿ ನಂಬಿ ಹೊಸ ತೋಟ ಎಬ್ಬಿಸುತ್ತಿರುವವರಿಗೆ ಹೇಳಬೇಕಾದದ್ದನ್ನು ಮಲೆನಾಡಿನ ಬೆಳೆಗಾರರೇ ಹೇಳಬೇಕು. ಈ ವಿಸ್ತರಣೆ ನಿಲ್ಲದಿದ್ದರೆ ವೈದ್ಯರ ಮಾತಿಗಿಂತ ಮೊದಲು ಅತಿ ಉತ್ಪಾದನೆಯೇ ಧಾರಣೆಯನ್ನು ಕೆಳಗಿಳಿಸೀತು.

ಇವೆಲ್ಲ ವರ್ಷಗಟ್ಟಲೆಯ ಕೆಲಸ. ಈ ಹಂಗಾಮಿನಲ್ಲೇ ಮಾಡಬಹುದಾದದ್ದೂ ಇದೆ, ಅದಕ್ಕೆ ದೆಹಲಿಯ ಅಪ್ಪಣೆ ಬೇಕಾಗಿಲ್ಲ. ಬಾಯಿ ಕ್ಯಾನ್ಸರ್ ಕಣ್ಣಿಗೆ ಕಾಣುವ ಕ್ಯಾನ್ಸರ್. ಕೇರಳದ ತಿರುವನಂತಪುರದಲ್ಲಿ 1996ರಿಂದ ಸುಮಾರು ಎರಡು ಲಕ್ಷ ಜನರ ನಡುವೆ ನಡೆದ ಅಧ್ಯಯನದಲ್ಲಿ, ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು ಮನೆಮನೆಗೆ ಹೋಗಿ ಬೆಳಕು ಹಿಡಿದು ಬಾಯಿ ನೋಡಿದ್ದರಿಂದಲೇ ತಂಬಾಕು ಅಥವಾ ಮದ್ಯ ಬಳಸುವವರಲ್ಲಿ ಬಾಯಿ ಕ್ಯಾನ್ಸರಿನ ಸಾವು ಶೇ. 34ರಷ್ಟು ಇಳಿಯಿತು. ನಿಮ್ಮ ಸೊಸೈಟಿಗಳ ಹರಾಜಿನ ಅಂಗಳಕ್ಕೆ ಬೆಳೆಗಾರರು, ಹಮಾಲರು, ಲಾರಿ ಚಾಲಕರು ಬಂದೇ ಬರುತ್ತಾರೆ. ಸುಲಿಯುವ ಹೆಂಗಸರು ಮನೆಮನೆಯ ಅಂಗಳದಲ್ಲಿ ಗುಂಪಾಗಿ ಕೂರುತ್ತಾರೆ. ಅವರಲ್ಲಿ ಕವಳ ಹಾಕದವರೇ ಕಡಿಮೆ. ಹತ್ತಿರದ ದಂತ ವೈದ್ಯಕೀಯ ಕಾಲೇಜಿನವರನ್ನೋ ತಾಲೂಕು ಆಸ್ಪತ್ರೆಯವರನ್ನೋ ಕರೆಸಿ, ಹಂಗಾಮು ಮುಗಿಯುವುದರೊಳಗೆ ಇವರೆಲ್ಲರ ಬಾಯಿ ಪರೀಕ್ಷೆ ಮಾಡಿಸಿ. ಎರಡು ಮೂರು ವಾರವಾದರೂ ಮಾಯದ ಹುಣ್ಣು, ಕೆನ್ನೆಯಲ್ಲೋ ನಾಲಿಗೆಯಲ್ಲೋ ಬಿಳಿ ಅಥವಾ ಕೆಂಪು ಮಚ್ಚೆ, ಖಾರ ತಾಳದ ಉರಿ, ಮೂರು ಬೆರಳು ಒಟ್ಟಿಗೆ ಹಿಡಿಸದಷ್ಟು ಬಾಯಿ ಬಿಗಿಯುವುದು, ಇವುಗಳಲ್ಲಿ ಒಂದಾದರೂ ಇದ್ದವರು ಅಂದೇ ಜಗಿಯುವುದನ್ನು ಬಿಟ್ಟು ವೈದ್ಯರನ್ನು ಕಾಣಲಿ. ಹೊಗೆಸೊಪ್ಪು ಬಿಡಲಾಗದವರಿಗೆ ಸರ್ಕಾರದ ತಂಬಾಕು ವ್ಯಸನ ಮುಕ್ತಿ ಕೇಂದ್ರಗಳಿವೆ. ಬಿಟ್ಟ ಮೊದಲ ವಾರಗಳ ತಲೆನೋವು, ಸಿಡಿಮಿಡಿ, ಬಾಯಿ ಬರಿದೆನಿಸುವ ಭಾವ ಅಡಿಕೆಗೂ ಉಂಟು, ಅದು ಕ್ರಮೇಣ ಇಳಿಯುತ್ತದೆ ಎಂದು ಬಿಡುವವರಿಗೆ ಮೊದಲೇ ತಿಳಿಸಬೇಕು. ಶಾಲೆಯ ಬಳಿಯ ಅಂಗಡಿಗಳಿಗೆ ಸಿಹಿ ಸುಪಾರಿ ಪೊಟ್ಟಣ ಹೋಗದಂತೆ ತಡೆಯಿರಿ. ಸಂಘದ ಹೆಸರಿನಲ್ಲಿ ಮಾರುವ ಸುಪಾರಿಯಿದ್ದರೆ ಎಚ್ಚರಿಕೆಯ ಸಾಲನ್ನು ಕನ್ನಡದಲ್ಲಿ ಓದಲು ಬರುವಷ್ಟು ದೊಡ್ಡದಾಗಿ ಮುದ್ರಿಸಿ. ಮುಂದಿನ ಸರ್ವಸದಸ್ಯರ ಸಭೆಯ ಕಾರ್ಯಸೂಚಿಯಲ್ಲಿ ಖಂಡನಾ ಠರಾವಿನ ಜಾಗಕ್ಕೆ ಈ ಬಾಯಿ ತಪಾಸಣೆಯ ಖರ್ಚನ್ನು ಸೇರಿಸಿ, ಲಾಭದಲ್ಲಿ ಅದಕ್ಕೆಂದು ಎಷ್ಟು ತೆಗೆದಿಡುತ್ತೀರಿ ಎಂದು ಸದಸ್ಯರ ಮುಂದಿಡಿ.